ಮುನಿರಾಜು ಅವರ ದನಿ

ದೆವ್ವ, ಶಕುನ, ಅಶರೀರವಾಣಿ ಎಂದು ಯಾರಾದರೂ ಮಾತು ತೆಗೆದರೆ ನಾನು ಮೆಲ್ಲಗೆ ಎದ್ದು ಕಾಫಿ ಮಾಡಲು ಹೋಗುವವಳು. ತೀವ್ರ ನಿಗಾ ಘಟಕದ ವೈದ್ಯೆ ನಾನು. ಸಾವಿನ ಹತ್ತಿರ ಇರುವವರ ಮಂಚದ ಪಕ್ಕ ನಿಂತಷ್ಟು ಹೊತ್ತು ನಮ್ಮ ಮನೆಯವರ ಪಕ್ಕ ಕೂತಿಲ್ಲ. ಇಷ್ಟು ವರ್ಷಗಳಲ್ಲಿ ಯಾವ ಆತ್ಮವೂ ನನ್ನನ್ನು ಮಾತಾಡಿಸಿರಲಿಲ್ಲ. ಈಗಲೂ ನಾನು ನಂಬುವುದು ಪರೀಕ್ಷೆಯ ವರದಿಯನ್ನು, ಅದಕ್ಕಿಂತ ಹೆಚ್ಚಾಗಿ ಅನುಭವವಿರುವ ನರ್ಸಿನ ಕಣ್ಣನ್ನು. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಮುಂದಿನದನ್ನು ಓದಿ ನೀವು ನನ್ನನ್ನು ಬೇರೆ ಥರದವಳೆಂದು ತಿಳಿಯಬಾರದು.

ಕೆಲವು ವರ್ಷಗಳ ಹಿಂದೆ ನಾನು ಹೆಬ್ಬಾಳದ ಕಡೆಯ ಒಂದು ಆಸ್ಪತ್ರೆಯಲ್ಲಿದ್ದೆ. ಅಲ್ಲಿಗೆ ಹುಣಸಮಾರನಹಳ್ಳಿಯ ಮುನಿರಾಜು ಎಂಬವರನ್ನು ಕರೆತಂದರು. ನಲವತ್ತು ದಾಟಿದ್ದ ಅವರು ಟೈಲ್ಸ್ ಹಾಕುವ ಮೇಸ್ತ್ರಿ. ರಕ್ತದ ಕ್ಯಾನ್ಸರ್‌ಗೆ ಕೀಮೋ ನಡೆದಿತ್ತು. ಅದರಿಂದ ಬಿಳಿ ರಕ್ತಕಣಗಳು ತೀರಾ ಇಳಿದಿದ್ದ ಹೊತ್ತಿನಲ್ಲೇ ನ್ಯುಮೋನಿಯಾ ಹಿಡಿದು ಉಸಿರಾಟ ಕೆಟ್ಟಿತ್ತು. ಬೇರೊಂದು ಆಸ್ಪತ್ರೆಯವರು ಗಂಟಲಿಗೆ ಕೊಳವೆ ಹಾಕಿ, ನಿದ್ದೆಯ ಔಷಧ ಕೊಟ್ಟು, ವೆಂಟಿಲೇಟರ್ ಸಮೇತ ಆಂಬುಲೆನ್ಸಿನಲ್ಲಿ ಕಳಿಸಿದ್ದರು. ಹಾಗಾಗಿ ನಮ್ಮ ಪೈಕಿ ಯಾರೂ ಅವರು ಮಾತಾಡಿದ್ದನ್ನು ಕೇಳಿರಲಿಲ್ಲ.

ರಕ್ತದ ಕ್ಯಾನ್ಸರ್ ಇದ್ದವರು ವೆಂಟಿಲೇಟರಿಗೆ ಹೋದರೆ ಮುಗಿಯಿತು ಎಂದು ನಾನು ಓದುವ ಕಾಲದಲ್ಲಿ ಹಿರಿಯರು ಹೇಳುತ್ತಿದ್ದರು. ಈಗ ಹಾಗಿಲ್ಲ. ಔಷಧಗಳು ಸುಧಾರಿಸಿವೆ, ನಮಗೂ ಕೈ ಪಳಗಿದೆ, ಕೊಳವೆ ತೆಗೆಸಿಕೊಂಡು ನಡೆದುಕೊಂಡೇ ಮನೆಗೆ ಹೋದವರನ್ನು ಕಂಡಿದ್ದೇನೆ. ಆದರೂ ಎಲ್ಲರೂ ಹೋಗುವುದಿಲ್ಲ. ಮುನಿರಾಜು ಹೋಗದವರ ಪೈಕಿ ಎಂದೇ ನನಗೆ ಅನಿಸತೊಡಗಿತ್ತು. ಆಮ್ಲಜನಕ ದಿನದಿಂದ ದಿನಕ್ಕೆ ಹೆಚ್ಚು ಬೇಕಾಗುತ್ತಿತ್ತು. ಒಮ್ಮೆ ಮಗ್ಗುಲಾಗಿಸಲು ಹೋದಾಗ ರಕ್ತದೊತ್ತಡ ಕುಸಿದು ಎಲ್ಲರೂ ಗಾಬರಿಯಾಗಿದ್ದರಿಂದ ಅಂಗಾತವೇ ಮಲಗಿಸಿದ್ದೆವು.

ಮರುದಿನ ಮಧ್ಯಾಹ್ನ ಅವರ ಹೆಂಡತಿ ಮಂಜುಳಾ ಅವರನ್ನು ಕರೆದು, ಇನ್ನು ಹೆಚ್ಚಿನದು ನಮ್ಮ ಕೈಲಾಗದಿರಬಹುದು ಎಂದು ಹೇಳಿದೆ. ಆಕೆ ಕಣ್ಣು ಒರೆಸಿಕೊಂಡು ಕೇಳಿಸಿಕೊಂಡರು.

"ನೀವ್ ಎಂಗ್ ಯೇಳ್ತೀರೋ ಅಂಗೇ ಮೇಡಂ. ಆದ್ರೆ ಆಗಲ್ಲ ಅನ್ನೋ ಮಾತು ಮಾತ್ರ ಅವರ ಮುಂದೆ ಆಡ್ಬೇಡಿ. ಅವ್ರಿಗೆ ಕೇಳಿಸ್ತದೆ."

ಅಷ್ಟು ಔಷಧ ಕೊಟ್ಟಿರುವಾಗ ಕೇಳಿಸುವುದಿಲ್ಲ ಎಂದು ನಾನು ಹೇಳಲಿಲ್ಲ. ತಲೆಯಾಡಿಸಿ ಒಳಗೆ ಬಂದೆ.

ಮುನಿರಾಜು ಇದ್ದದ್ದು ಗಾಜಿನ ಗೋಡೆಯ ಒಂಟಿ ಕೋಣೆ. ನರ್ಸ್ ಶಬಾನಾ ಮಂಚದ ಆ ಬದಿಯಲ್ಲಿ ಔಷಧದ ಪಂಪು ಸರಿಮಾಡುತ್ತಿದ್ದಳು. ಹೊರಗೆ ಚೆನ್ನಾಗಿ ಬಿಸಿಲಿತ್ತು. ಮೇಲುಸೇತುವೆಯ ವಾಹನಗಳು ಕಿಟಕಿಯಾಚೆ ಸದ್ದಿಲ್ಲದೆ ಸಾಗುತ್ತಿದ್ದವು. ಹೆದರಿಕೆ ಹುಟ್ಟಿಸುವಂಥದ್ದು ಅಲ್ಲಿ ಏನೂ ಇರಲಿಲ್ಲ. ಮಂಚಕ್ಕೆ ಬೆನ್ನು ಮಾಡಿ ಕೈ ತೊಳೆಯುತ್ತಿದ್ದೆ. ಹಿಂದಿನಿಂದ ಒಬ್ಬ ಗಂಡಸು, ತುಸು ಬೇಸರದಲ್ಲಿ, ಕೆಲಸಗಾರರಿಗೆ ಹೇಳುವ ಹಾಗೆ ಹೇಳಿದ:

"ಮೇಡಂನೋರೇ, ಇಂಗಲ್ಲ. ಎಡಗಡೀಕೆ ತಿರುಗ್ಸಿ."

ವಾರ್ಡಿನ ಕೆಲಸದವರು ಯಾರೋ ಬಂದಿರಬೇಕೆಂದು ತಿರುಗಿದೆ. ಯಾರೂ ಇರಲಿಲ್ಲ. ಬಾಗಿಲು ಮುಚ್ಚಿತ್ತು.

"ಶಬಾನಾ, ಈಗ ಮಾತಾಡಿದ್ದು ಯಾರು? 'ಸ' ಅನ್ನುವಾಗ ಸಿಳ್ಳೆ ಹೊಡ್ದಂಗೆ ಆಯ್ತಲ್ಲ?"

"ಯಾರೂ ಇಲ್ಲ ಮೇಡಂ, ನಾನೊಬ್ಳೇ." ಅವಳು ನನ್ನ ಮುಖವನ್ನೇ ನೋಡಿದಳು. "ಊಟ ಮಾಡಿದ್ರಾ ನೀವು?"

ಇನ್ನಿಬ್ಬರನ್ನು ಕರೆಯಲು ಹೇಳಿ, ಇವರನ್ನು ಎಡಮಗ್ಗುಲಿಗೆ ತಿರುಗಿಸೋಣ ಎಂದೆ.

"ನಿನ್ನೆ ಬಿಪಿ ಬಿತ್ತಲ್ಲ ಮೇಡಂ?"

"ಗೊತ್ತು ಕಣೇ. ನಿಧಾನಕ್ಕೆ ಮಾಡೋಣ, ಔಷಧಿ ಕೈಲಿ ಹಿಡ್ಕೊಂಡೇ ಇರ್ತೀನಿ."

ತಿರುಗಿಸಿದೆವು. ರಕ್ತದೊತ್ತಡ ಒಮ್ಮೆ ಜಾರಿತು, ಔಷಧ ಸ್ವಲ್ಪ ಏರಿಸಿದಾಗ ನಿಂತಿತು. ತುಸು ಹೊತ್ತಿನಲ್ಲೇ ಅವರು ಜೋರಾಗಿ ಕೆಮ್ಮಿದರು. ಶಬಾನಾ ಕೊಳವೆಯೊಳಗಿಂದ ಕಫ ಎಳೆದಾಗ ರಕ್ತ ಬೆರೆತ ಗಟ್ಟಿ ಉಂಡೆಯೊಂದು ಬಂತು. ಆಮೇಲೆ ಪರದೆಯ ಮೇಲಿನ ಆಮ್ಲಜನಕದ ಅಂಕಿ ಏರತೊಡಗಿತು. ನಾವು ಅದನ್ನೇ ನೋಡುತ್ತ ನಿಂತೆವು. ನಾನು ಹೊರಗೆ ಹೋಗಿ ಮಂಜುಳಾ ಅವರಿಗೆ, "ಇವತ್ತು ಸ್ವಲ್ಪ ಸುಧಾರಿಸಿದ್ದಾರೆ, ಕಾದು ನೋಡೋಣ" ಎಂದೆ. ಆಕೆ ಮನೆಗೆ ಹೇಳಲು ಫೋನ್ ತೆಗೆದರು.

ಇಲ್ಲಿಯವರೆಗಿನದನ್ನು ನಾನು ವಿವರಿಸಬಲ್ಲೆ. ಅವರ ಬಲ ಶ್ವಾಸಕೋಶ ಮುಚ್ಚಿಹೋಗಿತ್ತು. ಅಂಥವರನ್ನು ಎಡಕ್ಕೆ ಮಲಗಿಸಿದರೆ ಅನುಕೂಲ ಎಂಬುದು ನಮಗೆಲ್ಲ ಗೊತ್ತಿರುವ ಪಾಠ. ಬೆಳಿಗ್ಗೆ ನೋಡಿದ್ದ ಎಕ್ಸ್‌ರೇ ತಲೆಯ ಹಿಂದೆಲ್ಲೋ ಕೂತಿದ್ದು, ದಣಿದ ಮನಸ್ಸು ಅದನ್ನು ಮಾತಾಗಿಸಿ ಕೇಳಿಸಿತು ಎಂದುಕೊಂಡೆ. ಹಾಗೆಂದುಕೊಂಡು ಮರೆತೂ ಬಿಟ್ಟೆ.

ಮುನಿರಾಜು ಅವರ ರಕ್ತಕಣಗಳು ಏರಿದವು, ಕೊಳವೆ ತೆಗೆದೆವು. ಗಂಟಲು ಕಟ್ಟಿಹೋಗಿ ಅವರು ಬರೀ ಪಿಸುಗುಡುತ್ತಿದ್ದರು. ಹಾಗೆಯೇ ಬೇರೆ ವಾರ್ಡಿಗೆ ಹೋದರು.

ತಿಂಗಳುಗಳ ಮೇಲೆ ಒಂದು ಬೆಳಿಗ್ಗೆ ಹೊರರೋಗಿಗಳ ಗಲಾಟೆಯ ನಡುವೆ ಶಬಾನಾ ಜೊತೆ ನಡೆದು ಹೋಗುತ್ತಿದ್ದೆ. ಹಿಂದಿನಿಂದ ಯಾರೋ, "ಮೇಡಂನೋರೇ, ಸ್ವಲ್ಪ ನಿಂತ್ಕಳಿ!" ಎಂದು ಕೂಗಿದರು. ನನ್ನ ಕಾಲು ನಿಂತುಬಿಟ್ಟಿತು. ಅದೇ ದನಿ. ಅದೇ ಒರಟು, 'ಸ' ಬಂದಲ್ಲಿ ಅದೇ ಸಿಳ್ಳೆ. ತಿರುಗಿದರೆ ತಲೆತುಂಬ ಹೊಸ ಕೂದಲು ಬಂದಿದ್ದ ಮುನಿರಾಜು, ಪಕ್ಕದಲ್ಲಿ ಮಂಜುಳಾ. ನಕ್ಕಾಗ ಮುಂದಿನ ಒಂದು ಹಲ್ಲು ಇಲ್ಲದ್ದು ಕಾಣಿಸಿತು. ನಾನು ಏನೂ ಹೇಳುವ ಮೊದಲೇ ಶಬಾನಾ ನನ್ನ ತೋಳು ಹಿಡಿದು ಕಿವಿಯ ಹತ್ತಿರ, "ಮೇಡಂ, ಅವತ್ತು ನೀವು ಸಿಳ್ಳೆ ಅಂದಿದ್ದು..." ಎಂದಳು.

ದನಿ ಕೇಳಿದ ಮೇಲೆ ನನ್ನ ನೆನಪು ತಾನೇ ಬದಲಾಯಿತು ಎನ್ನೋಣವೆಂದರೆ ಸಿಳ್ಳೆಯ ಮಾತನ್ನು ಅವತ್ತೇ ಕೇಳಿದ್ದ ಶಬಾನಾ ಅಡ್ಡ ಬರುತ್ತಾಳೆ. ಮಂಜುಳಾ ಅವರ ಫೋನಿನ ಯಾವುದಾದರೂ ವಿಡಿಯೋದಲ್ಲಿ ಆ ದನಿ ಕೇಳಿದ್ದೆನೇ ಎಂದರೆ, ತಾನು ಆಸ್ಪತ್ರೆಯಲ್ಲಿ ಅಂಥದ್ದೇನೂ ಹಾಕಿರಲಿಲ್ಲ ಎಂದು ಆಕೆ ಹೇಳಿದರು. ಕೊಳವೆಯನ್ನು ಬಾಯಿಗೆ ಬಿಗಿದಿದ್ದ ಪಟ್ಟಿಯ ಸಂದಿಯಲ್ಲಿ ಆ ಹಲ್ಲಿನ ಜಾಗ ನನ್ನ ಕಣ್ಣಿಗೆ ಬಿದ್ದಿರಬಹುದು. ಆದರೆ ಒಂದು ಹಲ್ಲನ್ನು ನೋಡಿ ಇಡೀ ದನಿಯನ್ನು ಕಟ್ಟಲಾಗುತ್ತದೆಯೇ?

ಐಸಿಯುನಲ್ಲಿದ್ದ ದಿನಗಳದ್ದು ಏನಾದರೂ ನೆನಪಿದೆಯೇ ಎಂದು ಮುನಿರಾಜು ಅವರನ್ನೇ ಕೇಳಿದೆ.

"ಉಸ್ರು ಕಟ್ಟಿದ್ದು ಗ್ಯಾಪ್ಕ ಮೇಡಂನೋರೇ, ಆಮೇಲೆ ಇವಳ ಮುಖ ಕಂಡಿದ್ದು ಗ್ಯಾಪ್ಕ. ನಡುವಿಂದು ಒಂದೂ ಇಲ್ಲ. ಯಾಕೆ, ಏನಾನಾ ಅಂದ್ನಾ ನಾನು?"

"ಏನಿಲ್ಲ ಮುನಿರಾಜು" ಎಂದೆ. ಅವರು ಈಗ ಚಿಕ್ಕಜಾಲದ ಕಡೆ ಕೆಲಸ ಹಿಡಿದಿದ್ದಾರೆ. ಚೆನ್ನಾಗಿದ್ದಾರೆ.

ಇದನ್ನು ಕೇಳಿದ ಸಹೋದ್ಯೋಗಿಯೊಬ್ಬರು ನಗುತ್ತಲೇ ಕೇಳಿದರು: "ಅದೇ ದನಿ ವೆಂಟಿಲೇಟರ್ ತೆಗೀರಿ ಅಂದಿದ್ರೆ ತೆಗೀತಿದ್ರಾ?" ಖಂಡಿತ ಇಲ್ಲ ಎಂದೆ, ಅದರಲ್ಲಿ ನನಗೆ ಈಗಲೂ ಅನುಮಾನವಿಲ್ಲ. ಆದರೆ ಆ ಮಧ್ಯಾಹ್ನ ನಾನು ಎಕ್ಸ್‌ರೇಯನ್ನು ಇನ್ನೊಮ್ಮೆ ತೆಗೆದು ನೋಡಿದ್ದು ಅವರನ್ನು ತಿರುಗಿಸಿದ ಮೇಲೆ. ಮೊದಲು ನೋಡಬೇಕೆಂದು ನನಗೇಕೆ ಹೊಳೆಯಲಿಲ್ಲವೋ, ಗೊತ್ತಿಲ್ಲ.