ಹಲೋ ಎನ್ನಬೇಕಾಗಿದ್ದ ಅವ್ವ

ಗಿಟಾರಿಗೊಂದು ಸಣ್ಣ ವಾಲ್ವ್ ಆಂಪ್ಲಿಫೈಯರ್ ಬೇಕೆಂದು ಇವತ್ತು ಬಸವಕಲ್ಯಾಣದ ಅಂಗಡಿಯೊಂದಕ್ಕೆ ಹೋಗಿದ್ದೆ. ಅಂಗಡಿಯವರು ಸ್ವಿಚ್ ಹಾಕಿದರು. ಗಾಜಿನ ವಾಲ್ವುಗಳು ಕೆಂಪಗಾಗುತ್ತಿದ್ದಂತೆ ಅವುಗಳ ಮೇಲಿನ ಧೂಳು ಸುಟ್ಟ ವಾಸನೆ ಬಂತು. ಹುಮನಾಬಾದಿನ ನಮ್ಮ ಪಡಸಾಲೆಯದೇ ವಾಸನೆ.

ಅಪ್ಪನ ಭಜನಾ ಮಂಡಳಿಯ ಆಂಪ್ಲಿಫೈಯರ್ ನಮ್ಮ ಮನೆಯಲ್ಲೇ ಇರುತ್ತಿತ್ತು. ಗುರುವಾರ ಸಂಜೆ ಅದು ಬಿಸಿಯಾಗುವವರೆಗೆ ಅಪ್ಪ ಧೋತರದ ಚುಂಗಿನಿಂದ ಮೈಕು ಒರೆಸುತ್ತಿದ್ದ. ಆಮೇಲೆ ಅಂಗಳಕ್ಕೆ ಹೋಗಿ, ಮಾಳಿಗೆಯ ಮೇಲಿನ ಸ್ಪೀಕರಿಗೆ ಕಿವಿಗೊಟ್ಟು ನಿಲ್ಲುತ್ತಿದ್ದ. ಒಳಗಿನಿಂದ ಅವ್ವ ಮೈಕಿನಲ್ಲಿ 'ಹಲೋ, ಹಲೋ' ಎನ್ನಬೇಕು. ಅವಳ ಪಾಲಿನ ಭಜನೆ ಅಷ್ಟೇ.

ಒಂದು ಗುರುವಾರ, ಕೈಗೆ ಜೋಳದ ಹಿಟ್ಟು ಮೆತ್ತಿಕೊಂಡೇ ಬಂದ ಅವ್ವ ಹಲೋ ಎನ್ನಲಿಲ್ಲ. ಭಜನೆಯ ಪದವೊಂದರ ಎರಡು ಸಾಲು ಹಾಡಿದಳು. ಓಣಿಯಲ್ಲಿ ಹೋಗುವವರು ನಿಂತು ಕೇಳಿದರು. ಅಪ್ಪ ಒಳಗೆ ಬಂದು ಮೈಕಿನ ವೈರು ಕಿತ್ತ.

"ಹಾಡಂತ ಯಾರ ಹೇಳಿದ್ರು ನಿನಗ? ನಿನ್ನ ದನಿ ಮನಿ ಮಟ್ಟಿಗೆ ಚೊಲೋ ಅದ."

ಅವ್ವ ಆಮೇಲೆ ಮನೆಯಲ್ಲೂ ಹಾಡಲಿಲ್ಲ. ಸಾಯುವವರೆಗೂ ಹಾಡಲಿಲ್ಲ. ಅಪ್ಪನಿಗೆ ಅದು ಗೊತ್ತಾಗಲೂ ಇಲ್ಲ.

"ಇದೇ ಒಯ್ರಿ ಅಕ್ಕಾರ," ಅಂಗಡಿಯವರು ಹೇಳುತ್ತಿದ್ದರು. "ದನಿ ಹೊರಗ ಹೋಗಂಗಿಲ್ಲ. ಮನಿ ಮಟ್ಟಿಗೆ ಚೊಲೋ ಅದರಿ."

"ಓಣಿಗೆಲ್ಲ ಕೇಳೂವಂಥದ್ದು ತೋರಿಸ್ರಿ," ಎಂದೆ.