ಗದ್ದ ಸ್ವಲ್ಪ ಕೆಳಗೆ

ಹೊನ್ನವಳ್ಳಿಯಲ್ಲಿ ನಮ್ಮ ಪಕ್ಕದ ಮನೆಯಲ್ಲಿದ್ದ ಫೋಟೋ ಗಂಗಣ್ಣನವರು ಎದುರಿಗೆ ಸಿಕ್ಕವರಿಗೆ ನಮಸ್ಕಾರ ಹೇಳುವುದಕ್ಕೆ ಮೊದಲು "ಗದ್ದ ಸ್ವಲ್ಪ ಕೆಳಗೆ" ಅನ್ನುತ್ತಿದ್ದರು. ಕೈಯಲ್ಲಿ ಕ್ಯಾಮೆರಾ ಇರಲಿ, ಹಾಲಿನ ತಂಬಿಗೆ ಇರಲಿ, ಅದೇ ಮಾತು. ನಮ್ಮ ಮಾವನವರು ಶಿವನ ಪಾದ ಸೇರಿದ ದಿನ, ನಮ್ಮ ಪದ್ಧತಿಯಂತೆ ಅವರನ್ನು ಕೂರಿಸಿ ವಿಭೂತಿ ಹಚ್ಚಿ ಹಾರ ಹಾಕಿದಾಗ ಅವರಿಗೂ ಹೇಳಿದರು. ಊರಲ್ಲಿ ಗಂಗಣ್ಣನವರ ಮಾತು ಕೇಳದೆ ಹೋದವರು ಮಾವನವರೊಬ್ಬರೇ.

ತಿಪಟೂರಿನಲ್ಲಿ ಅವರ ಸ್ಟುಡಿಯೋ. ಪಾಸ್‌ಪೋರ್ಟ್ ಫೋಟೋ, ಮದುವೆ, ನಾಮಕರಣ. ಸುಳ್ಳು ಹೇಳಬಾರದು, ಕೈ ಒಳ್ಳೆಯದಿತ್ತು. ಎಂಥ ಪೆದ್ದನನ್ನು ಕೂರಿಸಿದರೂ ಮುಖಕ್ಕೆ ಮದುವೆ ಗಂಡಿನ ಕಳೆ ತರಿಸುತ್ತಿದ್ದರು. ಹಾಗೇ ಇದ್ದಿದ್ದರೆ ನಾವೂ ನೆಮ್ಮದಿಯಾಗಿರುತ್ತಿದ್ದೆವು. ಆದರೆ ಮೊಬೈಲಿನಲ್ಲಿ ಯಾರೋ ಮೇಷ್ಟ್ರು, ಕಲಾವಿದನಾದವನು ತನ್ನ ಲಯ ಹುಡುಕಿಕೊಳ್ಳಬೇಕು, ಮುಜುಗರಕ್ಕೆ ಮೈಯೊಡ್ಡಬೇಕು ಎಂದು ಪಾಠ ಹೇಳಿದರಂತೆ.

"ಮುಜುಗರ ಆಗ್ಬೇಕು ಕಣಮ್ಮ, ಆಗ್ಲೇ ಚಿತ್ರ ಹುಟ್ಟೋದು" ಎಂದು ನಮ್ಮ ಜಗಲಿಯಲ್ಲಿ ಗೋಡೆಗೊರಗಿ, ಕಾಲು ಚಾಚಿ, ನಾನು ಕೊಟ್ಟ ಕಾಫಿ ಕುಡಿಯುತ್ತಾ ಹೇಳಿದರು.

ಲಯ ಹುಡುಕುವ ಕೆಲಸ ನಮ್ಮ ಅಟ್ಟದಿಂದಲೇ ಶುರುವಾಯಿತು. ಅಟ್ಟದಲ್ಲಿ ಕಾಯಿ ತಿಂಗಳುಗಟ್ಟಲೆ ಬಿದ್ದಿದ್ದು ಒಣಗಿ ಉಂಡೆ ಕೊಬ್ಬರಿಯಾಗಬೇಕು. ಅಲ್ಲಿಗೆ ನೀರು ಸೋಕಬಾರದು ಅನ್ನುವುದು ನಮ್ಮ ಕಡೆ ತೊಟ್ಟಿಲ ಕೂಸಿಗೂ ಗೊತ್ತು. ಹೆಂಚಿನ ಸಂದಿಯಲ್ಲಿ ಬೀಳುವ ಬಿಸಿಲಿನ ಫೋಟೋ ತೆಗೀತೀನಿ ಅಂದರು, ತೆಗೀರಿ ಅಂದೆ. ಬಿಸಿಲಿಗೆ ಮಂಜು ಕೂಡಿಸಬೇಕೆಂದು, ತೋಟಕ್ಕೆ ಔಷಧಿ ಹೊಡೆಯುವ ಕ್ಯಾನಿಗೆ ನೀರು ತುಂಬಿ ಬೆನ್ನಿಗೆ ಹಾಕಿಕೊಂಡು ಏಣಿ ಹತ್ತಿದ್ದು ಮಾತ್ರ ನನಗೆ ಗೊತ್ತಾಗಲಿಲ್ಲ. ಫೋಟೋ ನೋಡಿದವರೆಲ್ಲ ಯಾರ ಮನೆಗೆ ಬೆಂಕಿ ಬಿತ್ತು ಎಂದು ಕೇಳಿದರು. ಕಾಯಿಗೆ ಬೂಷ್ಟು ಹಿಡಿಯಿತು. ಹಿಡಿದದ್ದು ಒಂದು ಮೂಲೆಗೆ ಮಾತ್ರ, ಶಿವ ದೊಡ್ಡವನು.

ಆಮೇಲೆ ಕಾಯಿ ಸುಲಿದ ಮಟ್ಟೆ ರಾಶಿಯ ಮೇಲೆ ಕ್ಯಾಮೆರಾ ಹಿಡಿದು ಬೋರಲು ಮಲಗಿ ಕೆಂಜಿಗದ ಕೈಲಿ ಕಚ್ಚಿಸಿಕೊಂಡರು. ಕೊಡವಿಕೊಳ್ಳಿ ಅಂದರೆ ಲಯ ತಪ್ಪುತ್ತದೆ ಅಂದರು. ಊದಿದ ಹೊಟ್ಟೆಗೆ ಸುಣ್ಣ ಹಚ್ಚುವ ಲಯ ಅವರ ಹೆಂಡತಿ ಗಿರಿಜಕ್ಕನ ಪಾಲಿಗೆ ಬಂತು.

ಈ ಗಿರಿಜಕ್ಕನಿಗೆ ಇದ್ದದ್ದು ಒಂದೇ ಆಸೆ. ಅವರ ಮದುವೆ ಆಲ್ಬಮ್ ಗೆದ್ದಲಿನ ಪಾಲಾಗಿತ್ತು. ಇಬ್ಬರೂ ಒಟ್ಟಿಗೆ ಕೂತಿರುವ ಒಂದು ಫೋಟೋ ಬೇಕಿತ್ತು. ಕೇಳಿದಾಗಲೆಲ್ಲ ಗಂಗಣ್ಣನವರು, ಲಯ ಇನ್ನೂ ಸಿಕ್ಕಿಲ್ಲ ಅನ್ನುತ್ತಿದ್ದರು. ತಾಲ್ಲೂಕಿನ ಗಂಡಹೆಂಡಿರನ್ನೆಲ್ಲ ಅಂಟಿಸಿ ಕೂರಿಸಿದ ಮನುಷ್ಯ!

ಒಂದು ಸೋಮವಾರ ಪೂಜೆ ಮುಗಿಸಿ ಪ್ರಸಾದ ಕೊಡಲು ಹೋದರೆ, ಗಿರಿಜಕ್ಕ ರೇಷ್ಮೆ ಸೀರೆಯುಟ್ಟು ಬೆಂಚಿನ ಮೇಲೆ ಕೂತಿದ್ದರು. ಗಂಗಣ್ಣನವರು ಬಾಗಿಲಲ್ಲಿ ನಿಂತು ಬೆಳಕು ಸರಿಯಿಲ್ಲ ಅನ್ನುತ್ತಿದ್ದರು.

"ನಿಮ್ಮ ಲಯ ಬರೋ ಹೊತ್ಗೆ ನನ್ನ ಹಲ್ಲೇ ಇರಾಕಿಲ್ಲ ಬುಡಿ" ಅಂದರು ಗಿರಿಜಕ್ಕ.

ನಾನು ಸುಮ್ಮನಿರಲಿಲ್ಲ. "ಅಣ್ಣಾ, ಊರೋರ್ಗೆಲ್ಲ ಮುಜುಗರ ಹಂಚಿದ್ರಲ್ಲ, ನಿಮ್ಗೂ ಸ್ವಲ್ಪ ಇಟ್ಕಳಿ. ಕೂತ್ಕಳಿ, ನಾನೇ ಬಟನ್ ಒತ್ತೀನಿ."

ಕೂತರು. ಕೂತ ಕೂಡಲೇ ಬೆವರಿದರು. ಕೈ ತೊಡೆಯ ಮೇಲಿಟ್ಟರು, ತೆಗೆದರು, ಮತ್ತೆ ಇಟ್ಟರು. "ಕ್ಯಾಮೆರಾದ ಈ ಕಡೆ ಕೂತ್ರೆ ಮುಖ ಎಲ್ಲಿಡ್ಬೇಕೋ ಗೊತ್ತಾಗಾಕಿಲ್ಲ ಕಣಮ್ಮ" ಅಂದರು. ಇಷ್ಟು ಸಣ್ಣ ದನಿ ಅವರಲ್ಲಿದೆ ಎಂದು ನನಗೆ ಗೊತ್ತೇ ಇರಲಿಲ್ಲ. ಕನಿಕರವಾಯಿತು. ಆದರೂ ಬಿಡಲಿಲ್ಲ. "ಗದ್ದ ಸ್ವಲ್ಪ ಕೆಳಗೆ" ಅಂದೆ. ಬೈಯಲು ಬಾಯಿ ತೆರೆದರು, ಗಿರಿಜಕ್ಕ ಅವರ ಭುಜಕ್ಕೆ ಒರಗಿ ಬಿದ್ದು ಬಿದ್ದು ನಕ್ಕರು, ನಾನು ಒತ್ತಿದೆ.

ಗಂಗಣ್ಣನವರು ಅದನ್ನು ಬಹಳ ಹೊತ್ತು ನೋಡಿದರು. ಸೊಟ್ಟಗಿದೆ ಅಂದರು. ಅಳಿಸಲಿಲ್ಲ.

ಮುಂದಿನ ಬೇಸಿಗೆಯಲ್ಲಿ ಸ್ಟುಡಿಯೋದಲ್ಲೇ ಎದೆ ಹಿಡಿದುಕೊಂಡು ಹೋದರು. ಹೆಚ್ಚು ನರಳಲಿಲ್ಲ, ಅಷ್ಟನ್ನಾದರೂ ಶಿವ ನಡೆಸಿಕೊಟ್ಟ. ಅವರನ್ನು ಕೂರಿಸಿದಾಗ ಗದ್ದ ತಾನಾಗಿಯೇ ಕೆಳಗಿತ್ತು.

ಗೋಡೆಗೆ ಹಾಕಲು ಹುಡುಕಿದರೆ ಅವರದೆಂದು ಇದ್ದದ್ದು ನಾನು ತೆಗೆದ ಆ ಸೊಟ್ಟ ಫೋಟೋ ಒಂದೇ. ಬದುಕಿರುವವರ ಫೋಟೋಗೆ ಹಾರ ಹಾಕಬಾರದು, ಗಿರಿಜಕ್ಕನನ್ನು ಕತ್ತರಿಸಿ ತೆಗೆಸಿ ಎಂದು ಹಿರಿಯರು ಹೇಳಿದರು. ಗಿರಿಜಕ್ಕ ಒಪ್ಪಲಿಲ್ಲ. ಇಷ್ಟು ಕಾದು ಪಕ್ಕದಲ್ಲಿ ಕೂತಿದ್ದೇನೆ, ಏಳುವುದಿಲ್ಲ ಅಂದರು. ಹಾರ ಬಿಟ್ಟು, ಗಂಗಣ್ಣನವರ ಕಡೆಯ ಮೂಲೆಗೆ ಮಾತ್ರ ದಿನಾ ಒಂದು ಹೂವು ಸಿಕ್ಕಿಸುತ್ತಾರೆ.

ಬಾಯಿ ತೆರೆದ ಗಂಡ, ಪಕ್ಕದಲ್ಲಿ ನಗುವ ಹೆಂಡತಿ. ನೋಡಿದವರು ನಗಬೇಕೋ ಕೈ ಮುಗಿಯಬೇಕೋ ತಿಳಿಯದೆ ಕೂತಲ್ಲೇ ಮಿಸುಕಾಡುತ್ತಾರೆ. ಮೊನ್ನೆ ಹೂವು ಕೊಡಲು ಹೋದಾಗ, ಬಂದವರಿಗೆ ಮುಜುಗರವಾಗುತ್ತದಲ್ಲ ಅಕ್ಕ ಎಂದೆ.

"ಆಗ್ಲಿ ಬುಡೇ" ಅಂದರು. "ಅದ್ನೇ ಅಲ್ವಾ ಅವ್ರು ಹುಡುಕ್ತಿದ್ದುದು."