ಬಲಗಡೆ ಹಿಂದಿನ ಚಕ್ರ

ನನ್ನ ಯಜಮಾನರು ತೀರಿಕೊಂಡ ನಾಲ್ಕನೇ ತಿಂಗಳು ಕೆಲಸ ಕೇಳಿಕೊಂಡು ಗ್ಯಾರೇಜಿಗೆ ಹೋದೆ. ಮೇಸ್ತ್ರಿ ಜೀಪಿನ ಕೆಳಗೆ ಮಲಗಿದ್ದ. ಕಾಣುತ್ತಿದ್ದದ್ದು ಎರಡು ಕಾಲು ಮಾತ್ರ. ಆ ಕಾಲುಗಳಿಗೇ ನನ್ನ ಕಷ್ಟ ಹೇಳಿಕೊಂಡೆ. ನನಗಿಂತ ಹತ್ತು ವರ್ಷ ಚಿಕ್ಕವನಾದ ಅವನು ಹೊರಗೆ ಜಾರಿ ಬಂದು, ಬೇರಿಂಗಿನ ಸಣ್ಣ ಸಣ್ಣ ಕಡ್ಡಿಗಳಿದ್ದ ತಟ್ಟೆಯನ್ನೂ ಸೀಮೆಎಣ್ಣೆ ಡಬ್ಬವನ್ನೂ ನನ್ನ ಮುಂದಿಟ್ಟ.

"ತೊಳೆದು ಎಣಿಸಿ ಅಕ್ಕ. ನಲವತ್ತೆರಡು ಇರ್ಬೇಕು."

"ನಲವತ್ತೊಂದೇ ಇದೆ."

"ಇನ್ನೊಂದ್ಸಲ ಎಣಿಸಿ. ಕಂಪನಿಯವರು ಸುಳ್ಳು ಹೇಳಲ್ಲ."

"ಹೇಳಿಲ್ಲ ಬಿಡಿ. ಇನ್ನೊಂದು ನಿಮ್ಮ ಮೊಣಕೈಗೆ ಗ್ರೀಸಲ್ಲಿ ಅಂಟ್ಕೊಂಡಿದೆ."

ಮೊಣಕೈ ನೋಡಿಕೊಂಡು ಹೊಟ್ಟೆ ಹಿಡಿದು ನಕ್ಕ. "ನಾಳೆಯಿಂದ ಬನ್ನಿ" ಎಂದ. ಹನ್ನೊಂದು ವರ್ಷ ಹೋದೆ.

ಊರಲ್ಲಿ ಅವನನ್ನು ಏಣಿ ಮೇಸ್ತ್ರಿ ಎನ್ನುತ್ತಿದ್ದರು. ಅವನ ಕೈಯಿಂದ ಹೊರಬಿದ್ದ ಜೀಪು ಹತ್ತಲು ಏಣಿ ಬೇಕು ಎಂಬ ತಮಾಷೆ. ಕಲ್ಲು, ಕೆಸರು, ಹಳ್ಳ ದಾಟುವ ಗಾಡಿಗಳಿಗೆ ಅವನು ಪೋರ್ಟಲ್ ಆಕ್ಸಲ್ ಕೂರಿಸುತ್ತಿದ್ದ. ನನಗೆ ಅರ್ಥವಾದಷ್ಟು ಹೇಳುತ್ತೇನೆ. ಮಾಮೂಲಿ ಜೀಪಿನಲ್ಲಿ ಆಕ್ಸಲ್ ನೇರವಾಗಿ ಚಕ್ರದ ನಡುವಿಗೆ ಬರುತ್ತದೆ. ಇದರಲ್ಲಿ ಪ್ರತಿ ಚಕ್ರದ ಪಕ್ಕ ಒಂದು ಗೇರ್ ಪೆಟ್ಟಿಗೆ ಇರುತ್ತದೆ. ಆಕ್ಸಲ್ ಪೆಟ್ಟಿಗೆಯ ಮೇಲ್ಭಾಗಕ್ಕೆ ಬರುತ್ತದೆ, ಚಕ್ರ ಕೆಳಭಾಗದಲ್ಲಿ ತಿರುಗುತ್ತದೆ. ಗಾಡಿಯ ಹೊಟ್ಟೆ ಅಷ್ಟು ಮೇಲೇಳುತ್ತದೆ. ಆದರೆ ಒಂದೊಂದು ಪೆಟ್ಟಿಗೆಗೂ ಅದರದೇ ಎಣ್ಣೆ, ನಾಲ್ಕಕ್ಕೂ ಬೇರೆ ಬೇರೆ ಕುಡಿಸಬೇಕು. ಅದು ನನ್ನ ಕೆಲಸ. ಕೈಪಂಪಿನಿಂದ ಒತ್ತುತ್ತಾ ಹೋದರೆ ಕೊನೆಗೆ ತೂತಿನಿಂದ ಎಣ್ಣೆ ತೊಟ್ಟಿಕ್ಕುತ್ತದೆ. ತುಂಬಿತು ಎಂದು ಆಗ ಗೊತ್ತು. ಆಮೇಲೆ ಅವನು ಆ ತೂತು ಮುಚ್ಚುವ ಪ್ಲಗ್ಗನ್ನು ಸ್ಪ್ಯಾನರಿನಿಂದ ಬಿಗಿಯುತ್ತಿದ್ದ. ಅಲ್ಲಿಯ ತನಕ ಪ್ಲಗ್ಗು ಬೆರಳಿನ ಬಿಗಿಯಲ್ಲೇ ಇರಬೇಕು. ಸ್ಪ್ಯಾನರಿನ ಬಿಗಿ ಎಂದರೆ ಎಣ್ಣೆ ತುಂಬಿದೆ ಎಂದು, ನಮ್ಮಿಬ್ಬರ ನಡುವೆ ಅದೇ ಗುರುತು. ಬಾಯಿಬಿಟ್ಟು ಕೇಳುವ ಅಭ್ಯಾಸವೇ ಇರಲಿಲ್ಲ.

ಅವನ ಭಾಮೈದ, ಎಂದರೆ ಹೆಂಡತಿಯ ತಮ್ಮ, ಗುಡ್ಡದ ಮೇಲಿನ ಕರೆಂಟು ಕಂಬಗಳ ರಿಪೇರಿಗೆ ಜನರನ್ನು ಒಯ್ಯುವ ಜೀಪು ಓಡಿಸುತ್ತಿದ್ದ. ಆ ಜೀಪಿಗೂ ಆಕ್ಸಲ್ ಕೂರಿಸಿದೆವು.

"ನಮ್ಮಕ್ಕನ ಮೇಲಿನ ಸಿಟ್ಟೆಲ್ಲ ನನ್ನ ಗಾಡಿ ಮೇಲೆ ತೀರಿಸ್ಕೋಬೇಡಿ ಭಾವ" ಎಂದು ಆ ಹುಡುಗ ಕಾಡಿಸುತ್ತಿದ್ದ.

"ನಿಮ್ಮಕ್ಕನ ಮೇಲೆ ಸಿಟ್ಟು ಮಾಡ್ಕೊಳ್ಳೋ ಧೈರ್ಯ ಯಾರಿಗಿದೆಯೋ!"

ಆ ಜೀಪಿಗೆ ಎಣ್ಣೆ ಕುಡಿಸುವ ದಿನ ಮಧ್ಯಾಹ್ನ ಗಾಳಿ ಎದ್ದು ಶೆಡ್ಡೆಲ್ಲ ಧೂಳಾಯಿತು. ನಾನು ಮೂರು ಪೆಟ್ಟಿಗೆಗೆ ಎಣ್ಣೆ ಕುಡಿಸಿ, ಪಂಪು ತುಂಬಿಸಿಕೊಳ್ಳಲು ಹಿಂದಿನ ಕೋಣೆಗೆ ಹೋಗಿದ್ದೆ. ಬಂದು ನೋಡಿದರೆ ಬಲಗಡೆ ಹಿಂದಿನ ಚಕ್ರದ ಪ್ಲಗ್ಗು ಬಿಗಿಯಾಗಿತ್ತು. ಬೆರಳಿನಿಂದ ತಿರುಗಿಸಿದೆ, ಅಲುಗಲಿಲ್ಲ. ಮೇಸ್ತ್ರಿಯೇ ತುಂಬಿಸಿರಬೇಕು ಅಂದುಕೊಂಡೆ. ಆದರೆ ಪೆಟ್ಟಿಗೆಯ ಕೆಳಗೆ ನೆಲದ ಮೇಲೆ ಒಂದು ತೊಟ್ಟು ಎಣ್ಣೆಯೂ ಬಿದ್ದಿರಲಿಲ್ಲ. ಅದನ್ನೂ ನೋಡಿದೆ. ಅವನು ಬಾಗಿಲಲ್ಲಿ ಗಿರಾಕಿಯೊಬ್ಬನ ಜೊತೆ ಮಾತಾಡುತ್ತಿದ್ದ, ಕರೆದು ಕೇಳಬಹುದಿತ್ತು. ಪಂಪನ್ನು ಮೊಳೆಗೆ ತೂಗುಹಾಕಿದೆ.

ಮೂರನೇ ದಿನ ಗುಡ್ಡದ ಇಳಿಜಾರಿನಲ್ಲಿ ಆ ಚಕ್ರ ಕಚ್ಚಿಕೊಂಡು ನಿಂತುಬಿಟ್ಟಿತು. ಜೀಪು ಮಗುಚಿತು. ಹಿಂದೆ ಕೂತಿದ್ದ ಇಬ್ಬರು ಹೊರಗೆ ಹಾರಿ ಉಳಿದರು. ಭಾಮೈದ ಅಡಿಗೆ ಸಿಕ್ಕಿಕೊಂಡ. ಗಾಡಿ ಎತ್ತುವಷ್ಟರಲ್ಲಿ ಜೀವ ಹೋಗಿತ್ತು.

ಪೆಟ್ಟಿಗೆ ಬಿಚ್ಚಿದವರು, ಗೇರುಗಳು ಸುಟ್ಟು ನೀಲಿಗಟ್ಟಿವೆ, ಎಣ್ಣೆಯ ಪಸೆಯೂ ಇಲ್ಲ ಎಂದರು. ವಿಚಾರಣೆಗೆ ಅಧಿಕಾರಿಯೊಬ್ಬರು ಗ್ಯಾರೇಜಿಗೇ ಬಂದರು.

"ಧೂಳು ಹೋಗ್ಬಾರ್ದು ಅಂತ ಪ್ಲಗ್ಗು ನಾನೇ ಬಿಗಿದೆ ಸಾರ್" ಎಂದ ಮೇಸ್ತ್ರಿ. "ಆಮೇಲೆ ಮರೆತೆ."

"ಎಣ್ಣೆ ಹಾಕೋರು ಯಾರು?"

"ಎಲ್ಲ ನಾನೇ."

ನಾನು ಅಲ್ಲೇ ಮೂಲೆಯಲ್ಲಿ ಬೇರೆ ಗಾಡಿಯ ಗೇರು ಒರೆಸುತ್ತಾ ಕೂತಿದ್ದೆ. ತಲೆ ಎತ್ತಲಿಲ್ಲ.

ಏಳು ತಿಂಗಳು ಜೈಲಿನಲ್ಲಿದ್ದು ಬಂದ. ಗ್ಯಾರೇಜು ಬೇರೆಯವರ ಪಾಲಾಗಿತ್ತು. ತಮ್ಮನನ್ನು ಎತ್ತಿ ಆಡಿಸಿ ಬೆಳೆಸಿದವಳು ಅವನ ಹೆಂಡತಿ. ಗಂಡನಿಗೆ ಊಟ ಹಾಕುತ್ತಿದ್ದಳು, ಬಟ್ಟೆ ಒಗೆಯುತ್ತಿದ್ದಳು, ಮಾತು ಮಾತ್ರ ಬಿಟ್ಟಳು. ಹೇಳಲೇಬೇಕಾದಾಗ ಗೋಡೆಗೆ ಹೇಳುವಳು: "ಊಟ ಆರ್ತಾ ಇದೆ."

"ಇವತ್ತೂ ಗೋಡೆ ಎದ್ದು ಬಂದು ಉಂಡಿತು ಅಕ್ಕ" ಎನ್ನುತ್ತಿದ್ದ ನನ್ನ ಹತ್ತಿರ. ಮೊದಮೊದಲು ನಗುತ್ತಿದ್ದ. ಆರು ವರ್ಷ ಹೀಗೇ ಕಳೆಯಿತು.

ಕಳೆದ ಚಳಿಗಾಲದಲ್ಲಿ ಅವನ ಶ್ವಾಸಕೋಶ ಕೈಕೊಟ್ಟಿತು. ಇನ್ನು ಮನೆಯಲ್ಲೇ ನೋಡಿಕೊಳ್ಳಿ ಎಂದುಬಿಟ್ಟರು ಡಾಕ್ಟರು. ನಾನು ಹೋದಾಗ ಮೂರು ದಿಂಬಿಗೆ ಒರಗಿ ಕೂತಿದ್ದ. ಮಲಗಿದರೆ ಉಸಿರು ಕಟ್ಟುತ್ತಿತ್ತು.

"ಹೋಗೋ ಮುಂಚೆ ಅವಳು ನನ್ನ ಮುಖ ನೋಡಿ ಒಂದು ಮಾತಾಡ್ಬೇಕು ಅಕ್ಕ. ಬೈದ್ರೂ ಸರಿ."

ಇನ್ನು ತಡೆದುಕೊಳ್ಳಲು ನನ್ನಿಂದ ಆಗಲಿಲ್ಲ.

"ಮೇಸ್ತ್ರಿ, ಆ ಪೆಟ್ಟಿಗೆ ಕೆಳಗೆ ಎಣ್ಣೆ ಬಿದ್ದಿರ್ಲಿಲ್ಲ. ನಾನು ನೋಡಿದ್ದೆ. ನೋಡಿಯೂ ನಿಮ್ಮನ್ನ ಕೇಳ್ಲಿಲ್ಲ."

ನನ್ನ ಕೈಗಳನ್ನೇ ನೋಡಿದ. ಉಗಿಯಲಿ ಎಂದು ಕಾದೆ, ಉಗಿಯಲಿಲ್ಲ. ಬಾಗಿಲಾಚೆ ಅವನ ಹೆಂಡತಿ ಪಾತ್ರೆ ತೊಳೆಯುತ್ತಿದ್ದಳು. ಅತ್ತ ಒಮ್ಮೆ ಕಣ್ಣು ಹಾಯಿಸಿ, ಉಸಿರು ಕೂಡಿಸಿಕೊಂಡು, ದನಿ ತಗ್ಗಿಸಿ ಕೇಳಿದ:

"ಇದನ್ನ ಅವಳಿಗೂ ಒಂದ್ಸಲ ಹೇಳ್ತೀರಾ ಅಕ್ಕ?"